ನೆಲಕ್ಕಿಂತ ನೂರಹತ್ತು ಅಡಿ ಕೆಳಗೆ

ಮೆಕ್ಯಾನಿಕ್‌ನ ದವಡೆ ಮುರಿದದ್ದು ವಿಮಾನ ಬಿದ್ದಾಗ ಅಲ್ಲ. ವಿಮಾನ ಬಿದ್ದು ಮುಕ್ಕಾಲು ಗಂಟೆಯಾದ ಮೇಲೆ, ಗಟ್ಟಿ ನೆಲದ ಮೇಲೆ, ನನ್ನಿಂದ ಹತ್ತು ಅಡಿ ದೂರದಲ್ಲಿ. ಹೊಡೆದದ್ದು ಅವನದೇ ಚೀಲದಲ್ಲಿದ್ದ ಸ್ಪ್ಯಾನರಿನಿಂದ. ಮೂರು ಏಟು. ಒಬ್ಬ ಸತ್ತದ್ದಕ್ಕೆ ಇವನೇ ಕಾರಣ ಎಂದು ಹೊಡೆದವರೇ ಅದೇ ಸಂಜೆ ಠಾಣೆಯಲ್ಲಿ ದೂರು ಬರೆಸಿದರು. ಆ ದೂರಿನಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು ಎಂದು ಹೇಳಬಲ್ಲವಳು ನಾನೊಬ್ಬಳೇ ಆಗಿದ್ದೆ. ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ.

ಬೇಲೂರಿನ ತರಬೇತಿ ಸಂಸ್ಥೆಯೊಂದರಲ್ಲಿ ಎಲೆಕ್ಟ್ರಾನಿಕ್ಸ್ ಲ್ಯಾಬ್ ನೋಡಿಕೊಳ್ಳುವುದು ನನ್ನ ಕೆಲಸ. ಒಂದು ಶನಿವಾರ ಮಧ್ಯಾಹ್ನ ಲ್ಯಾಬಿಗೆ ಬಂದವರು ಹಗುರ ವಿಮಾನ ಹಾರಿಸುವುದನ್ನು ಕಲಿಸುವ ಬೋಧಕರು. ಮೊದಲು ಸೈನ್ಯದಲ್ಲಿದ್ದವರು. ಅರಸೀಕೆರೆ ಹತ್ತಿರದ ಗಂಡಸಿ ಕಡೆ ತೆಂಗಿನ ತೋಟಗಳ ನಡುವೆ ಅವರದೊಂದು ಹುಲ್ಲಿನ ರನ್‌ವೇ ಇತ್ತು, ಮೂರು ಟ್ರೈಕ್ ಇದ್ದವು. ಟ್ರೈಕ್ ಎಂದರೆ ಮೇಲೆ ಗಟ್ಟಿ ಬಟ್ಟೆಯ ರೆಕ್ಕೆ, ಕೆಳಗೆ ಮೂರು ಚಕ್ರದ ತೊಟ್ಟಿಲು, ಬೆನ್ನಿಗೆ ಎಂಜಿನ್. ಹಿಂದಿನ ವಾರ ಹಳೇಬೀಡಿನ ಕೆರೆಯ ಮೇಲೆ, ಇಳಿಬಿಸಿಲು ಕಣ್ಣಿಗೆ ಹೊಡೆಯುತ್ತಿದ್ದಾಗ, ಎರಡು ಟ್ರೈಕ್‌ಗಳು ಒಂದು ರೆಕ್ಕೆಯಳತೆಯಷ್ಟು ಹತ್ತಿರ ಬಂದು ತಪ್ಪಿಸಿಕೊಂಡಿದ್ದವು.

"ಮಾರ್ಕೆಟಲ್ಲಿ ಸಿಗೋ ಯಂತ್ರ ದೊಡ್ಡ ವಿಮಾನದ ಸಿಗ್ನಲ್ ಹಿಡಿಯುತ್ತೆ ಮೇಡಂ," ಎಂದರು. "ಮೂವತ್ತೈದು ಸಾವಿರ ಅಡಿ ಮೇಲೆ ದುಬೈಗೆ ಹೋಗೋನು ಕಾಣ್ತಾನೆ, ಪಕ್ಕದಲ್ಲಿ ಬರೋ ನಮ್ಮೋನು ಕಾಣಲ್ಲ. ನಮ್ಮ ಮೂರು ಗಾಡಿ ಒಂದನ್ನೊಂದು ನೋಡ್ಬೇಕು. ಅಷ್ಟೇ."

ಟ್ರೈಕ್‌ನಲ್ಲಿ ಕೂತವನಿಗೆ ರೆಕ್ಕೆ ಅಡ್ಡ ಬಂದು ಮೇಲೇನಿದೆ ಎಂದು ಕಾಣದು. ತೊಟ್ಟಿಲು ಅಡ್ಡ ಬಂದು ನೇರ ಕೆಳಗೂ ಕಾಣದು. ಒಬ್ಬ ಏರುತ್ತ, ಇನ್ನೊಬ್ಬ ಇಳಿಯುತ್ತ ಬಂದರೆ ಇಬ್ಬರೂ ಕುರುಡರೇ. ನಾನು ಮಾಡಬೇಕಾದ ಪೆಟ್ಟಿಗೆ ಈ ಕುರುಡಿಗಾಗಿ. ಅದು ತಾನಿರುವ ಸ್ಥಳ ಮತ್ತು ಎತ್ತರವನ್ನು ಸೆಕೆಂಡಿಗೊಮ್ಮೆ ರೇಡಿಯೋದಲ್ಲಿ ಕಳಿಸಬೇಕು, ಉಳಿದೆರಡು ಪೆಟ್ಟಿಗೆ ಕಳಿಸಿದ್ದನ್ನು ಕೇಳಿಸಿಕೊಳ್ಳಬೇಕು, ಯಾರಾದರೂ ತೀರ ಹತ್ತಿರ ಬಂದರೆ ಪೈಲಟ್‌ನ ಕಿವಿಯಲ್ಲಿ ಕೂಗಬೇಕು.

ಅಂಗೈಯಗಲದ ಕಂಪ್ಯೂಟರ್ ಬೋರ್ಡು, ರೇಡಿಯೋ ಮಾಡ್ಯೂಲು, ಜಿಪಿಎಸ್, ಗಾಳಿಯ ಒತ್ತಡದಿಂದ ಎತ್ತರ ಅಳೆಯುವ ಉಗುರಿನಷ್ಟು ದೊಡ್ಡ ಸೆನ್ಸರ್ ತರಿಸಿದೆ. ಎತ್ತರಕ್ಕೆ ಜಿಪಿಎಸ್ ನಂಬಲಿಲ್ಲ. ನಿಂತಲ್ಲೇ ನೂರಡಿ ಮೇಲೆ ಕೆಳಗೆ ಜಿಗಿಯುತ್ತಿತ್ತು. ಒತ್ತಡದ ಸೆನ್ಸರ್ ಮೇಜಿನಿಂದ ನೆಲಕ್ಕಿಳಿಸಿದರೂ ವ್ಯತ್ಯಾಸ ತೋರಿಸುತ್ತಿತ್ತು. ಎತ್ತರಕ್ಕೆ ಅದೊಂದೇ ಸಾಕು ಎಂದು ತೀರ್ಮಾನಿಸಿದೆ. ಎಲ್ಲವನ್ನೂ ನೀರು ಹೋಗದ, ರಬ್ಬರ್ ಅಂಚಿನ ಪ್ಲಾಸ್ಟಿಕ್ ಜಂಕ್ಷನ್ ಬಾಕ್ಸ್‌ನಲ್ಲಿ ಕೂರಿಸಿದೆ. ತಾಮ್ರದ ತಂತಿಯನ್ನು ಎಂಟೂವರೆ ಸೆಂಟಿಮೀಟರಿಗೆ ಕತ್ತರಿಸಿ ಆಂಟೆನಾ ಮಾಡಿದೆ.

ಒಂದು ಪೆಟ್ಟಿಗೆಯನ್ನು ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯ ಬಸದಿಗಳ ಹಿಂದಿನ ದಿಬ್ಬದ ಮೇಲಿಟ್ಟು, ಇನ್ನೊಂದನ್ನು ಮಡಿಲಲ್ಲಿಟ್ಟುಕೊಂಡು ಬೇಲೂರು ಬಸ್ಸು ಹತ್ತಿದೆ. ಆರು ಕಿಲೋಮೀಟರ್ ದಾಟಿದರೂ ಸಿಗ್ನಲ್ ಕಡಿಯಲಿಲ್ಲ. ಕಂಡಕ್ಟರು, "ಏನ್ ಮೇಡಂ ಅದು, ಕೂಗ್ತಾ ಐತೆ?" ಎಂದ. ವಿಮಾನಕ್ಕೆ ಎಂದೆ. ಅವನು ಟಿಕೆಟ್ ಹರಿದುಕೊಟ್ಟು ಎರಡು ಸೀಟು ಹಿಂದೆ ಸರಿದು ನಿಂತ.

ಟ್ರೈಕ್‌ಗೆ ಕಟ್ಟಿದ ಮೇಲೆ ಕಷ್ಟ ಶುರುವಾಯಿತು. ಎಂಜಿನ್ ಹೊತ್ತಿದೊಡನೆ ಜಿಪಿಎಸ್ ಸಾಯುತ್ತಿತ್ತು. ಸ್ಪಾರ್ಕ್ ಪ್ಲಗ್ ತಂತಿಗಳ ಕಿಡಿಗದ್ದಲ ಅದನ್ನು ಮುಳುಗಿಸುತ್ತಿದೆ ಎಂದು ಕಂಡುಹಿಡಿಯಲು ನನಗೆ ಹನ್ನೊಂದು ದಿನ ಬೇಕಾಯಿತು. ಪೆಟ್ಟಿಗೆಯನ್ನು ಎಂಜಿನ್ ಪಕ್ಕದಿಂದ ತೆಗೆದು ಪೈಲಟ್‌ನ ಮೊಣಕಾಲ ಮುಂದಿನ ಕೊಳವೆಗೆ ಕಟ್ಟಿದೆವು. ಆಮೇಲೆ ಸ್ಟಾರ್ಟರ್ ಒತ್ತಿದಾಗಲೆಲ್ಲ ಬೋರ್ಡು ನಿಂತು ಹೊಸದಾಗಿ ಏಳುತ್ತಿತ್ತು. ಅದಕ್ಕೆ ಬೇರೆ ಬ್ಯಾಟರಿ ಕೊಟ್ಟೆವು.

"ಕಟ್ಟಿದೆವು" ಎಂದೆನಲ್ಲ, ಕಟ್ಟಿದವನು ಮೆಕ್ಯಾನಿಕ್. ಗಂಡಸಿಯವನು, ಮೂವತ್ತು ದಾಟಿದವನು, ಟ್ರ್ಯಾಕ್ಟರ್ ರಿಪೇರಿಯಿಂದ ವಿಮಾನಕ್ಕೆ ಬಂದವನು. ಬೋಲ್ಟನ್ನು ಬಿಗಿ ಮಾಡಿದ ಮೇಲೆ ಅದರ ಮೇಲೊಂದು ಕೆಂಪು ಗೆರೆ ಎಳೆಯುತ್ತಿದ್ದ. ಗೆರೆ ಇಲ್ಲದ ಬೋಲ್ಟು ಅವನ ಪ್ರಕಾರ ಬಿಗಿಯಾಗದ ಬೋಲ್ಟು.

ಮುಂದಿನ ತೊಂದರೆ ಬಿಸಿಲಿನದು. ಗಾಳಿ ಆಡದ ಪೆಟ್ಟಿಗೆ ಕಾದರೆ ಒಳಗಿನ ಒತ್ತಡ ಏರುತ್ತದೆ, ಒತ್ತಡ ಏರಿದರೆ ಸೆನ್ಸರ್ ತಾನು ಕೆಳಗೆ ಹೋಗುತ್ತಿದ್ದೇನೆ ಎಂದುಕೊಳ್ಳುತ್ತದೆ. ನಿಂತ ವಿಮಾನ ಪಾತಾಳಕ್ಕಿಳಿಯುವುದನ್ನು ಪರದೆಯ ಮೇಲೆ ನೋಡಿದೆ. ಮೂರೂ ಪೆಟ್ಟಿಗೆಗಳ ಮುಂಭಾಗದ ನಡುವೆ ಎರಡು ಮಿಲಿಮೀಟರಿನ ತೂತು ಕೊರೆದೆ.

"ಇದು ಪೆಟ್ಟಿಗೆ ಮೂಗು. ಮುಚ್ಚಬಾರದು ಕಣಪ್ಪ," ಎಂದೆ ಮೆಕ್ಯಾನಿಕ್‌ಗೆ.

"ಮೂಗು ಅಂದ್ಮೇಲೆ ಒಂದು ಮೂಗ್ಬೊಟ್ಟು ಹಾಕ್ಸನ ಬುಡಿ ಅಕ್ಕಾ," ಎಂದು ನಕ್ಕ.

ಆ ದಿನಗಳಲ್ಲಿ ಅಲ್ಲಿ ಕಲಿಯುತ್ತಿದ್ದವರಲ್ಲಿ ಅರಸೀಕೆರೆಯ ಒಬ್ಬ ಕೊಬ್ಬರಿ ವ್ಯಾಪಾರಿ ಇದ್ದರು. ನಲವತ್ತರ ಒಳಗಿನವರು, ಜೋರು ದನಿ. ತಂದೆ ಇಲ್ಲದ ಮನೆ, ಅಣ್ಣನೇ ಸಾಕಿದ್ದು. ಅಣ್ಣನಿಗೆ ಈ ಹಾರಾಟ ಬೇಡ. ಒಂದು ದಿನ ಅವರನ್ನೂ ಕರೆದುಕೊಂಡು ಬಂದರು.

"ನೋಡಣ್ಣ, ಇದೇ ಡಬ್ಬಿ. ಇನ್ನೊಬ್ಬ ಹತ್ರ ಬಂದ್ರೆ ಬಾಯ್ ಬಡ್ಕೊಳ್ಳುತ್ತೆ."

ಅಣ್ಣ ಪೆಟ್ಟಿಗೆ ಮುಟ್ಟಲಿಲ್ಲ. ನನ್ನನ್ನು ಕೇಳಿದರು: "ಕೂಗುತ್ತಾ ಮೇಡಂ? ಗ್ಯಾರಂಟಿನಾ?"

"ಕೂಗುತ್ತೆ," ಎಂದೆ.

"ಹಂಗಾದ್ರೆ ಹಾರ್ಕೊ ಹೋಗ್ಲಾ," ಎಂದರು ತಮ್ಮನಿಗೆ.

ಅದು ಕೂಗುತ್ತಿದ್ದುದೂ ನಿಜ. ಅತಿಯಾಗಿ ಕೂಗುತ್ತಿತ್ತು. ರನ್‌ವೇ ಪಕ್ಕ ನಿಂತ ಟ್ರೈಕ್‌ನ ಪೆಟ್ಟಿಗೆ ಚಾಲೂ ಇದ್ದರೆ, ಇಳಿಯಲು ಬರುವವನ ಕಿವಿಯಲ್ಲಿ ಅಪಾಯ ಅಪಾಯ ಎಂದು ಅರಚುತ್ತಿತ್ತು. ಇಳಿಯುವ ಹೊತ್ತು ಪೈಲಟ್‌ಗೆ ಅತಿ ಸೂಕ್ಷ್ಮದ ಹೊತ್ತು. ಒಂದು ಬೆಳಿಗ್ಗೆ ಬೋಧಕರು ಇಳಿದವರೇ ಹೆಡ್‌ಫೋನ್ ವೈರು ಕಿತ್ತು ನನ್ನ ಮುಂದೆ ಎಸೆದರು. "ಇದನ್ನ ಸುಮ್ಮನಿರಿಸಿ ಮೇಡಂ, ಇಲ್ಲಾ ಕಿತ್ತುಹಾಕ್ತೀನಿ. ಸುಳ್ಳು ಕೂಗೋದನ್ನ ಯಾರು ಕೇಳ್ತಾರೆ?"

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅಂದು ಮಧ್ಯಾಹ್ನ ನಾನು ಪ್ರೋಗ್ರಾಮಿಗೆ ಒಂದು ಸಾಲು ಸೇರಿಸಿದೆ. ಯಾವ ಪೆಟ್ಟಿಗೆಯ ಎತ್ತರ ರನ್‌ವೇಯಿಂದ ನೂರಡಿಗಿಂತ ಕಡಿಮೆಯೋ ಅದು ನೆಲದ ಮೇಲಿದೆ ಎಂದು ತಿಳಿ, ಅದಕ್ಕಾಗಿ ಕೂಗಬೇಡ, ತಾನೇ ನೆಲದ ಮೇಲಿದ್ದರೂ ಕೂಗಬೇಡ. ಎತ್ತರದ ಜೊತೆ ವೇಗವನ್ನೂ ನೋಡು ಎಂದು ಬರೆಯಬಹುದಿತ್ತು. ಗಂಟೆಗೆ ಎಂಬತ್ತು ಕಿಲೋಮೀಟರ್ ವೇಗದಲ್ಲಿ ಹೋಗುವುದು ನಿಂತ ವಿಮಾನವಲ್ಲ. ಜಿಪಿಎಸ್ ಆ ವೇಗ ಕೊಡುತ್ತಲೇ ಇತ್ತು. ಬರೆಯಲು ಹತ್ತು ನಿಮಿಷ ಸಾಕಿತ್ತು. ಬರೆಯಲಿಲ್ಲ. ಎತ್ತರ ಸರಿಯಿದೆಯಲ್ಲ, ಅದೊಂದು ಸಾಕು ಎಂದುಕೊಂಡೆ.

ಮೂರು ವಾರ ಎಲ್ಲವೂ ಚೆನ್ನಾಗಿ ನಡೆಯಿತು. ಆಯುಧಪೂಜೆ ಬಂತು.

ಮೂರೂ ಟ್ರೈಕ್‌ಗಳನ್ನು ತೊಳೆದು ಸಾಲಾಗಿ ನಿಲ್ಲಿಸಿದ್ದರು. ಬಾಳೆಕಂದು, ಚೆಂಡು ಹೂವಿನ ಹಾರ, ಚಕ್ರದಡಿಗೆ ನಿಂಬೆಹಣ್ಣು. ವ್ಯಾಪಾರಿಯ ಮನೆಯವರೆಲ್ಲ ಬಂದಿದ್ದರು. ಮೆಕ್ಯಾನಿಕ್ ಬಿಳಿ ಪಂಚೆ ಉಟ್ಟು, ತಟ್ಟೆ ಹಿಡಿದು ಎಂಜಿನ್, ಪ್ರೊಪೆಲ್ಲರ್, ಚಕ್ರ, ಸ್ಪ್ಯಾನರ್ ಎಂದು ಒಂದೊಂದಕ್ಕೂ ವಿಭೂತಿ ಎಳೆದು ಗಂಧ ಕುಂಕುಮ ಇಡುತ್ತಿದ್ದ. ನಾನು ಅಣ್ಣನ ಹೆಂಡತಿಯ ಜೊತೆ ಮಾತಾಡುತ್ತ ನಿಂತಿದ್ದೆ.

"ಅಕ್ಕಾ, ನಿಮ್ ಡಬ್ಬಿಗೂ ಇಡ್ತೀನಿ. ಅದೂ ಆಯುಧಾನೇ ಅಲ್ವಾ?"

"ಇಡಪ್ಪಾ," ಎಂದೆ. ತಿರುಗಿ ನೋಡಲಿಲ್ಲ.

ನಮ್ಮಲ್ಲಿ ಬೊಟ್ಟು ಇಡುವುದು ಹಣೆಗೆ, ನಟ್ಟನಡುವೆ. ಪೆಟ್ಟಿಗೆಗೆ ಹಣೆ ಎಂದಿದ್ದರೆ ನಾನು ತೂತು ಕೊರೆದ ಜಾಗವೇ ಅದು. ಎರಡು ಪೆಟ್ಟಿಗೆಗಳಲ್ಲಿ ಅವನ ಬೆರಳು ಕೂದಲೆಳೆ ಪಕ್ಕಕ್ಕೆ ಬಿತ್ತು. ಬೋಧಕರ ಪೆಟ್ಟಿಗೆಯಲ್ಲಿ ಸರಿಯಾಗಿ ತೂತಿನ ಮೇಲೆ ಬಿತ್ತು. ಅರ್ಧ ಗಂಟೆಯ ಬಿಸಿಲಿಗೆ ಗಂಧ ಗಟ್ಟಿಯಾಯಿತು.

ಬೂದುಗುಂಬಳ ಒಡೆದು, ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿ, ಎರಡು ಟ್ರೈಕ್ ಒಂದು ಸುತ್ತು ಹಾರಿ ಬರುವುದೆಂದಾಯಿತು. ಹಾರುವ ಮೊದಲ ತಪಾಸಣೆ ಮಾಡಿದ್ದು ನಾನೇ. ಎರಡೂ ಪೆಟ್ಟಿಗೆ ಎತ್ತರ ಸೊನ್ನೆ ತೋರಿಸುತ್ತಿದ್ದವು. ಆಗಷ್ಟೇ ಚಾಲೂ ಮಾಡಿದಾಗ ಮೂಗು ಮುಚ್ಚಿದ ಪೆಟ್ಟಿಗೆಯೂ ತಾನು ನಿಂತ ನೆಲವನ್ನೇ ಸೊನ್ನೆ ಎಂದುಕೊಳ್ಳುತ್ತದೆ.

ವ್ಯಾಪಾರಿ ಮೊದಲು ಏರಿದರು. ಅವರು ಸುತ್ತು ಮುಗಿಸಿ ಇಳಿಯಲು ತಿರುಗುವ ಹೊತ್ತಿಗೆ ಬೋಧಕರು ಏರಿದರು. ನನ್ನ ಕೈಯಲ್ಲಿ ಪೆಟ್ಟಿಗೆಗಳು ಕಳಿಸಿದ್ದನ್ನು ತೋರಿಸುವ ಟ್ಯಾಬ್ಲೆಟ್ ಇತ್ತು. ವ್ಯಾಪಾರಿಯ ಗುರುತು ಹಸಿರು, ಐನೂರರವತ್ತು ಅಡಿ. ಬೋಧಕರ ಗುರುತು ಬೂದು ಬಣ್ಣ. ಬೂದು ಎಂದರೆ ನೆಲದ ಮೇಲೆ. ತಲೆಯೆತ್ತಿದೆ. ಬೋಧಕರು ತೋಟದ ಮೇಲೆ, ತೆಂಗಿನ ತುದಿಗಳಿಗಿಂತ ಎಷ್ಟೋ ಮೇಲೆ, ಎಡಕ್ಕೆ ತಿರುಗುತ್ತ ಏರುತ್ತಿದ್ದರು. ಮತ್ತೆ ಪರದೆ ನೋಡಿದೆ. ಬೂದು. ರೇಡಿಯೋ ಇದ್ದದ್ದು ಹದಿನೈದು ಹೆಜ್ಜೆ ಆಚೆಯ ಮೇಜಿನ ಮೇಲೆ. ಓಡಿದೆ. ತಲುಪಲಿಲ್ಲ.

ಮೊದಲು ಕೇಳಿಸಿದ್ದು ಟಾರ್ಪಾಲು ಹರಿದಂಥ ಸದ್ದು. ವ್ಯಾಪಾರಿಯ ಮುಂಚಕ್ರ ಬೋಧಕರ ರೆಕ್ಕೆಯ ಬಟ್ಟೆಯೊಳಗೆ ಹೊಕ್ಕಿತ್ತು. ಎರಡು ಸೆಕೆಂಡು ಎರಡೂ ಒಂದೇ ಪ್ರಾಣಿಯ ಹಾಗೆ ಹೋದವು. ಆಮೇಲೆ ತಂತಿಯೊಂದು ಕಡಿದದ್ದು ನೆಲದವರೆಗೂ ಕೇಳಿಸಿತು. ಮೇಲಿನದು ಬಿಡಿಸಿಕೊಂಡು ಮಗುಚಿತು. ಅದರ ರೆಕ್ಕೆ ನಡುವೆ ಮಡಚಿತು. ಎಂಜಿನ್ ಮಾತ್ರ ಕಿರುಚುತ್ತಲೇ ಇತ್ತು, ತೋಟದೊಳಗೆ ಇಳಿಯುವವರೆಗೂ. ಆಮೇಲಿನ ಸದ್ದನ್ನು ಹೇಗೆ ಬರೆಯಬೇಕೆಂದು ಗೊತ್ತಿಲ್ಲ. ದೊಡ್ಡ ಸದ್ದೇನಲ್ಲ.

ಬೋಧಕರು ಹರಿದ ರೆಕ್ಕೆಯಲ್ಲಿ ಓರೆಯಾಗಿ ಪಕ್ಕದ ರಾಗಿ ಹೊಲಕ್ಕೆ ಬಡಿದರು. ಬೆನ್ನುಮೂಳೆ ಮುರಿದಿತ್ತು, ಉಸಿರಿತ್ತು. ಜನ ಅವರ ಕಡೆ ಓಡಿದರು. ಮೆಕ್ಯಾನಿಕ್ ಮತ್ತು ನಾನು ತೋಟದೊಳಗೆ ಓಡಿದೆವು.

ಟ್ರೈಕ್ ಎರಡು ಮರಗಳ ನಡುವೆ ತಲೆಕೆಳಗಾಗಿ ಸಿಕ್ಕಿತ್ತು. ಎಳನೀರು ಕಾಯಿಗಳು ಇನ್ನೂ ಒಂದೊಂದಾಗಿ ಬೀಳುತ್ತಿದ್ದವು. ಪೆಟ್ರೋಲ್ ಹನಿಯುತ್ತಿತ್ತು. ವ್ಯಾಪಾರಿ ಬೆಲ್ಟಿನಲ್ಲೇ ನೇತಾಡುತ್ತಿದ್ದರು. ಹೆಲ್ಮೆಟ್ ಮುಂಭಾಗದಿಂದ ಸೀಳಿತ್ತು. ಎದೆಗೆ ಅಲ್ಯೂಮಿನಿಯಂ ಕೊಳವೆ ಹೊಕ್ಕು ಬೆನ್ನಲ್ಲಿ ಅದರ ತುದಿ ಕಾಣುತ್ತಿತ್ತು. ಹೂವಿನ ಹಾರದ ಎಸಳುಗಳು ರಕ್ತಕ್ಕೆ ಅಂಟಿದ್ದವು. ಮೆಕ್ಯಾನಿಕ್ ಬಾಳೆಕಂದು ಕಡಿದಿದ್ದ ಮಚ್ಚಿನಿಂದ ಬೆಲ್ಟು ಕೊಯ್ದ. ಭಾರ ಪೂರ್ತಿ ಅವನ ಮೇಲೆ ಬಿತ್ತು. ಇಬ್ಬರೂ ನೆಲಕ್ಕುರುಳಿದರು. ಅವನ ಬಿಳಿ ಪಂಚೆ ಬಿಳಿಯಾಗಿ ಉಳಿಯಲಿಲ್ಲ. "ಅಣ್ಣಾ, ಎದ್ದೇಳಣ್ಣಾ," ಎಂದು ಅವರ ಕೆನ್ನೆ ತಟ್ಟುತ್ತಲೇ ಇದ್ದ. ನಾನು ಕುತ್ತಿಗೆಯ ನಾಡಿ ಹಿಡಿದೆ. ಇರಲಿಲ್ಲ.

ಆಂಬುಲೆನ್ಸ್ ಬೋಧಕರನ್ನು ಕರೆದೊಯ್ದ ಮೇಲೆ ಮೆಕ್ಯಾನಿಕ್ ರಾಗಿ ಹೊಲಕ್ಕೆ ಹೋಗಿ ಅವರ ಟ್ರೈಕ್ ನೋಡಿದ. ಪೆಟ್ಟಿಗೆ ಕೊಳವೆಗೆ ಹಾಗೇ ಇತ್ತು. ಅವನು ಅದರ ಮುಂದೆ ಕುಕ್ಕರುಗಾಲಲ್ಲಿ ಕೂತು ಉಗುರಿನಿಂದ ಗಂಧ ಕೆರೆದ. ತೂತು ಕಾಣಿಸಿತು. ಎದ್ದು ಬಂದು ನನಗೆ ಹೇಳಿದ, ಮೆಲ್ಲಗೆ ಹೇಳಬೇಕೆಂದೂ ಅವನಿಗೆ ಹೊಳೆಯಲಿಲ್ಲ:

"ಅಕ್ಕಾ, ತೂತಿನ ಮ್ಯಾಲೇ ಗಂಧ ಇಟ್ಬುಟ್ಟಿದೀನಿ. ಅದಕ್ಕೇ ಕೂಗಿಲ್ಲ."

ತಮ್ಮನ ಮೇಲೆ ಹೊದಿಸಿದ ಬಟ್ಟೆಯ ಪಕ್ಕ ಕೂತಿದ್ದ ಅಣ್ಣ ಅದನ್ನು ಕೇಳಿಸಿಕೊಂಡರು.

"ಏನ್ಲಾ ಅಂದೆ?"

ಮೆಕ್ಯಾನಿಕ್ ಅದನ್ನೇ ಇನ್ನೊಮ್ಮೆ ಹೇಳಿದ.

ಅಣ್ಣ ಎದ್ದರು. ಸ್ಪ್ಯಾನರ್ ಹೇಗೆ ಕೈಗೆ ಬಂತೆಂದು ನಾನು ನೋಡಲಿಲ್ಲ. ಮೊದಲ ಏಟು ಹೆಗಲಿಗೆ. ಮೆಕ್ಯಾನಿಕ್ ಓಡಲಿಲ್ಲ. "ಹೊಡೀರಿ ಅಣ್ಣಾ," ಎಂದ. ಎರಡನೆಯದು ಅಡ್ಡ ತಂದ ಕೈಬೆರಳುಗಳಿಗೆ. ಮೂರನೆಯದು ದವಡೆಗೆ. ಒಣ ಸೌದೆ ಮುರಿದ ಸದ್ದು. ಅವನು ಕೂತ, ಆಮೇಲೆ ಪಕ್ಕಕ್ಕೆ ವಾಲಿದ. ಬಾಯಿಯಿಂದ ರಕ್ತದ ಜೊತೆ ಎರಡು ಹಲ್ಲು ಹುಲ್ಲಿನ ಮೇಲೆ ಬಿದ್ದವು.

ಆಗ ನಾನು ಬಾಯಿ ಬಿಟ್ಟೆ. "ಅವನೊಬ್ಬಂದೇ ಅಲ್ಲ, ನಂದು, ಪ್ರೋಗ್ರಾಮಲ್ಲಿ ನಾನು ಬರೆದಿದ್ದು ಅದು," ಎಂದೆ. ನಾಲ್ಕು ಜನ ಹಿಡಿದುಕೊಂಡಿದ್ದ ಅಣ್ಣ ನನ್ನ ಕಡೆ ನೋಡಲೂ ಇಲ್ಲ. "ಸುಮ್ನಿರಿ ಮೇಡಂ. ಹೆಂಗಸ್ರು ಇದರಾಗೆ ಬರಬ್ಯಾಡಿ." ಗಂಧ ಎಲ್ಲರ ಕಣ್ಣಿಗೂ ಕಾಣುತ್ತಿತ್ತು. ನಾನು ಬರೆದ ಸಾಲು ಯಾರಿಗೂ ಕಾಣುತ್ತಿರಲಿಲ್ಲ.

ವಿಚಾರಣೆಗೆ ಬಂದ ಅಧಿಕಾರಿ ಪೆಟ್ಟಿಗೆಗಳನ್ನು ವಶಕ್ಕೆ ತೆಗೆದುಕೊಂಡರು. ನಾಲ್ಕನೆಯ ದಿನ ತಮ್ಮ ಎದುರೇ ಮೆಮೊರಿ ಕಾರ್ಡ್ ಓದಲು ನನಗೆ ಹೇಳಿದರು. ಬೋಧಕರ ಪೆಟ್ಟಿಗೆ ಏರುವಾಗ ಸೊನ್ನೆ. ಆಮೇಲೆ ಬಿಸಿಲಿಗೆ ಕಾದು ಸೊನ್ನೆಗಿಂತ ಕೆಳಗೆ. ತಾಗಿದ ಸೆಕೆಂಡಿನಲ್ಲಿ ಅದು ತನ್ನನ್ನು ನೆಲಕ್ಕಿಂತ ನೂರಹತ್ತು ಅಡಿ ಕೆಳಗೆ ಎಂದು ಬರೆದುಕೊಂಡಿತ್ತು. ಅದೇ ಸಾಲಿನಲ್ಲಿ, ನಾಲ್ಕು ಅಂಕಣ ಆಚೆ, ಜಿಪಿಎಸ್ ವೇಗ: ಗಂಟೆಗೆ ಎಂಬತ್ತೆರಡು ಕಿಲೋಮೀಟರ್.

ಅದನ್ನು ಅಧಿಕಾರಿಗೆ ತೋರಿಸಿದೆ. ಅವರಿಗೆ ಮೊದಲು ಅರ್ಥವಾಗಲಿಲ್ಲ. "ತೂತು ಮುಚ್ಚಿದ್ದಕ್ಕೆ ತಾನೇ ಮೇಡಂ ಆದದ್ದು?" ಎಂದರು. ತೂತು ಮುಚ್ಚಿದ್ದಕ್ಕೆ ಎತ್ತರ ತಪ್ಪಾಯಿತು, ಪೆಟ್ಟಿಗೆ ಬಾಯಿ ಮುಚ್ಚಿದ್ದು ನನ್ನ ಸಾಲಿನಿಂದ, ಎಂದೆ. ಕೆರೆ ನೀರು ಒಂದು ಮರಿಗಾಲುವೆಗೆ ನುಗ್ಗುವುದು ಬೇರೆ, ಆ ಕಾಲುವೆಗೆ ನಾನೇ ತೂಬು ಇಡದೆ ಬಿಟ್ಟಿದ್ದು ಬೇರೆ ಎಂದು ವಿವರಿಸಿದೆ. ಬರೆದು ಕೊಡಿ ಎಂದರು.

ಎರಡು ದಿನ ಕೂತು ಬರೆದೆ. ಮೆಕ್ಯಾನಿಕ್‌ನನ್ನು ಬಿಡಿಸಬೇಕೆಂಬ ಒಂದೇ ಹಟದಲ್ಲಿ, ತೂತು ಯಾತಕ್ಕೆಂದು ಅವನಿಗೆ ನಾನು ಹೇಳಿರಲೇ ಇಲ್ಲ ಎಂದೂ ಬರೆದೆ. ಕೊಡುವ ಮೊದಲು ಹಾಸನದ ಆಸ್ಪತ್ರೆಗೆ ಹೋಗಿ ಅವನಿಗೆ ಓದಿ ಹೇಳಿದೆ. ದವಡೆಗೆ ತಂತಿ ಕಟ್ಟಿದ್ದರು, ಮಾತಿಲ್ಲ. ಬಲಗೈಗೆ ಬ್ಯಾಂಡೇಜು. ಆ ವಾಕ್ಯ ಬಂದಾಗ ಎಡಗೈಯಿಂದ ಕಾಗದ ಎಳೆದುಕೊಂಡು, ಪೆನ್ನು ಕೇಳಿ, ವಾಕ್ಯದ ಮೇಲೆ ಉದ್ದಕ್ಕೆ ಗೆರೆ ಎಳೆದ. ಪಕ್ಕದಲ್ಲಿ ಸೊಟ್ಟ ಅಕ್ಷರದಲ್ಲಿ ಬರೆದ: "ಹೇಳಿದ್ರಿ. ನಾನು ಮರ್ತೆ. ಸುಳ್ಳು ಬ್ಯಾಡ."

"ನೀನು ಕೇಳ್ದಾಗ ನಾನೂ ಇಡು ಅಂದೆನಲ್ಲಪ್ಪ," ಎಂದೆ.

ಅವನು ಪೆನ್ನು ನನ್ನ ಕಡೆ ಚಾಚಿದ. ಅದನ್ನೂ ಬರೆಯಿರಿ ಎಂಬಂತೆ.

ಎಲ್ಲವನ್ನೂ ಹೊಸದಾಗಿ ಬರೆದೆ. ಅವನ ಮರೆವು, ನನ್ನ "ಇಡಪ್ಪಾ", ನನ್ನ ಸಾಲು, ಬರೆಯದೆ ಬಿಟ್ಟ ವೇಗ. ಯಾವುದೂ ಇನ್ನೊಂದರ ಹಿಂದೆ ಅಡಗದ ಹಾಗೆ.

ಠಾಣೆಯಲ್ಲಿ ಹೇಳಿಕೆ ಕೊಡುವ ದಿನ ಅಣ್ಣನನ್ನೂ ಕರೆಸಿದ್ದರು. ಅಧಿಕಾರಿ ನನ್ನ ಕಾಗದಗಳನ್ನು ಅವರಿಗೆ ಕೊಟ್ಟರು. ಅಣ್ಣ ತಲೆ ಬೋಳಿಸಿಕೊಂಡಿದ್ದರು. ಒಂದೊಂದೇ ಪದಕ್ಕೆ ಬೆರಳಿಟ್ಟು ಓದಿದರು. ತುಂಬ ಹೊತ್ತು ಹಿಡಿಯಿತು. ಮುಗಿಸಿ ತಲೆಯೆತ್ತಿದರು.

"ಇಷ್ಟೂ ನಿಮ್ಗೆ ಯಾವಾಗ ಗೊತ್ತಾಯ್ತು ಮೇಡಂ? ಕಾರ್ಡ್ ಓದ್ದಾಗ್ಲಾ?"

"ಅಲ್ಲ. ಅವನು ಗಂಧ ಅಂದಾಗಲೇ."

"ನಾನು ಹೊಡೆಯಾಕೆ ಮುಂಚೇನಾ?"

"ಮುಂಚೆ."

ಅವರು ಕಾಗದಗಳನ್ನು ಮೇಜಿನ ಮೇಲಿಟ್ಟು ಅಂಚು ಸರಿಮಾಡಿದರು. "ಮತ್ತೆ ಮೂರು ಏಟು ಬೀಳೋಗಂಟ ಯಾಕೆ ಸುಮ್ಕಿದ್ರಿ?"

ಬರುವ ದಾರಿಯಲ್ಲೆಲ್ಲ ನಾನು ಕೇಳಿಕೊಂಡಿದ್ದ ಪ್ರಶ್ನೆ ಅದು. ಗಾಬರಿಯಾಗಿತ್ತು ಎನ್ನಬಹುದಿತ್ತು.

"ಮುಂದಿನ ಏಟು ನನಗೆ ಬೀಳುತ್ತೆ ಅಂತ," ಎಂದೆ.

ಅವರು ತಲೆಯಾಡಿಸಿದರು. ಒಪ್ಪಿದ್ದೋ, ತಿಳಿಯಿತು ಎಂದದ್ದೋ ಗೊತ್ತಾಗಲಿಲ್ಲ. ಅಧಿಕಾರಿಯ ಕಡೆ ತಿರುಗಿ, "ಸಾರ್, ನಾನು ಮೊದ್ಲು ಬರ್ಸಿದ್ದು ತಪ್ಪು. ನಂದೂ ಇನ್ನೊಂದು ಹೇಳ್ಕೆ ಬರ್ಕೊಳ್ಳಿ. ಹೊಡ್ದಿದ್ದೂ ಸೇರ್ಸಿ," ಎಂದರು.

ನಾನು ನನ್ನ ಹೇಳಿಕೆಯನ್ನು ವಾಪಸು ತೆಗೆದುಕೊಂಡು ಕೊನೆಗೆ ಎರಡು ವಾಕ್ಯ ಸೇರಿಸಿದೆ. ಮೊದಲ ಏಟಿಗೆ ಮುಂಚೆಯೇ ನನಗೆ ನಿಜ ತಿಳಿದಿತ್ತು. ಮೂರನೆಯ ಏಟಿನವರೆಗೆ ನಾನು ಹೇಳಲಿಲ್ಲ.

ಅಧಿಕಾರಿ ಓದಿ, "ಇದಕ್ಕೂ ವಿಮಾನ ಬಿದ್ದದ್ದಕ್ಕೂ ಸಂಬಂಧ ಇಲ್ವಲ್ಲ ಮೇಡಂ. ಬೇಕಾದ್ರೆ ಹೊಡೆದುಹಾಕಿ," ಎಂದರು.

ಸಂಬಂಧ ಇಲ್ಲ, ಇರಲಿ ಎಂದೆ. ಅದರ ಕೆಳಗೆ ಸಹಿ ಹಾಕಿದೆ.